ಮಗ್ಗ ನಿಂತ ಬೇಸಿಗೆ

ಕರೆಂಟು ಹೋದರೆ ಮಾತ್ರ ಅಪ್ಪಂದಿರು ಹಗಲಲ್ಲಿ ಮನೆಯವರ ಕಣ್ಣಿಗೆ ಬೀಳುತ್ತಿದ್ದ ಕಾಲವದು. ಬೆಳಗಾವಿಯ ಅನಗೋಳದ ನಮ್ಮ ಓಣಿಯ ಗಂಡಸರಲ್ಲಿ ಬಹಳ ಮಂದಿ ಪಾವರ್‌ಲೂಮ್ ಮಗ್ಗ ನಡೆಸುವವರು. ನನ್ನಪ್ಪನೂ ಅವರಲ್ಲೊಬ್ಬ. ನಾವು ಏಳುವ ಮೊದಲೇ ಹೋಗಿರುತ್ತಿದ್ದ. ಬರುವಾಗ ತಲೆಯ ತುಂಬ ನೂಲಿನ ಧೂಳು, ಅಂಗಿಗೆ ಎಣ್ಣೆಯ ವಾಸನೆ. ಉಂಡು ಗೋಡೆಗೆ ಮುಖ ಮಾಡಿ ಮಲಗಿದನೆಂದರೆ ಮುಗಿಯಿತು.

ಎಂಬತ್ತರ ದಶಕದ ಆರಂಭದ ಒಂದು ಬೇಸಿಗೆಯಲ್ಲಿ ಕರೆಂಟಿಗೆ ಭಾರೀ ತ್ರಾಸಾಯಿತು. ಮಗ್ಗದ ಸಾವಕಾರರು ಶೆಡ್ಡಿಗೆ ಬೀಗ ಹಾಕಿ, "ಕರೆಂಟ್ ಬಂದಮ್ಯಾಲೆ ಹೇಳಿ ಕಳಸ್ತೀನಿ, ಆವಾಗ ಬರ್ರಿ" ಎಂದರು. ಅಪ್ಪನ ಮುಖ ಇಳಿದುಹೋಯಿತು. ನನಗೂ ತಮ್ಮ ಈರ್ಯಾನಿಗೂ ಮಾತ್ರ ಖುಷಿಯೋ ಖುಷಿ. ಅಪ್ಪ ಮನೆಯಲ್ಲಿದ್ದಾನೆ, ಅದೂ ಎಚ್ಚರವಾಗಿ! ಕರೆಂಟು ಬರದಿರಲಿ ದೇವರೇ ಎಂದು ನಾವಿಬ್ಬರೂ ಬಸವಣ್ಣನಿಗೆ ಕೈ ಮುಗಿದೆವು. ಅದೇ ಹೊತ್ತಿಗೆ ಅವ್ವ ಕರೆಂಟು ಬರಲಿ ಎಂದು ಅದೇ ಬಸವಣ್ಣನಿಗೆ ಕೈ ಮುಗಿಯುತ್ತಿದ್ದಳು. ಪಾಪ, ಆತನಾದರೂ ಏನು ಮಾಡಿಯಾನು.

"ಇಲ್ಲಿ ಗ್ವಾಡಿ ನೋಡ್ಕೋತ ಕುಂತ್ರ ಹುಚ್ಚ ಹಿಡೀತೈತಿ. ನಮ್ಮವ್ವನ ಮನಿಗಿ ಹೋಗೂಣು ನಡೀರಿ" ಎಂದಳು ಅವ್ವ. ಅಜ್ಜಿಯ ಮನೆ ಖಾನಾಪುರದ ಹತ್ತಿರದ ಹಳ್ಳಿಯಲ್ಲಿ. ಬಸ್ಸಿನ ಮಾತೇ ಇಲ್ಲ. ನನ್ನ ಸೋದರಮಾವ ಖಾನಾಪುರದ ಮಣ್ಣಿನ ಗಡಿಗೆ, ಹಂಚುಗಳನ್ನು ಚಕ್ಕಡಿಯಲ್ಲಿ ಹೇರಿಕೊಂಡು ಬೆಳಗಾವಿಗೆ ಬರುತ್ತಿದ್ದ. ಹೋಗುವಾಗ ಚಕ್ಕಡಿ ಖಾಲಿ. ಅದರ ಹುಲ್ಲಿನ ಮೇಲೆ ನಾವು ನಾಲ್ವರೂ ಹತ್ತಿ ಕೂತೆವು. ದಾರಿಯುದ್ದಕ್ಕೂ ಮಾವಿನ ಗಿಡದ ನೆರಳು. ಬುತ್ತಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ.

ಮಗ್ಗದವರದ್ದೊಂದು ಚಾಳಿಯಿದೆ. ಆ ಖಡಖಡ ಸದ್ದಿನೊಳಗೆ ಒದರಿ ಒದರಿ ಅಭ್ಯಾಸವಾಗಿ, ಮನೆಯಲ್ಲೂ ಒದರಿಯೇ ಮಾತಾಡುವುದು. ನಮ್ಮ ಓಣಿಯಲ್ಲಿ ಎಲ್ಲರೂ ಹಾಗೇ ಇದ್ದದ್ದರಿಂದ ನಮಗದು ಗೊತ್ತೇ ಇರಲಿಲ್ಲ. ಹಳ್ಳಿಯಲ್ಲಿ ಮೊದಲ ದಿನ ಊಟಕ್ಕೆ ಕೂತಾಗ ಅಪ್ಪ, "ಅತ್ತೀ, ಇನ್ನೊಂದ್ ರೊಟ್ಟಿ ಹಾಕ್ರೀ!" ಎಂದ. ಬಾಜೂ ಮನೆಯ ಮರಾಠಿ ಕಾಕು ಕೈಯಲ್ಲಿನ ಕೆಲಸ ಬಿಟ್ಟು ಓಡಿ ಬಂದಳು. "ಅಗಬಾಯಿ! ಕಾಯ ಝಾಲ, ಏನಾತ? ಅಳಿಯಾ ಯಾಕ ಜಗಳಾ ತಗದಾನ?"

"ಜಗಳಲ್ಲವ್ವಾ, ರೊಟ್ಟಿ ಬೇಡಾಕತ್ತಾನ" ಎಂದಳು ಅಜ್ಜಿ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಪ್ಪನೂ ನಕ್ಕ. ಅಪ್ಪನ ಹಲ್ಲು ಅಷ್ಟು ಚೆಂದ ಇದ್ದಾವೆಂದು ನನಗೆ ಗೊತ್ತಾದದ್ದು ಆವತ್ತೇ.

ಆಮೇಲಿನ ದಿನಗಳನ್ನು ಏನು ಹೇಳಲಿ! ಬೆಳಿಗ್ಗೆ ಮಲಪ್ರಭೆಯ ಮೊಣಕಾಲುಮಟ್ಟದ ನೀರಿನಲ್ಲಿ ಅಪ್ಪ ನಮ್ಮ ಹೊಟ್ಟೆಯ ಕೆಳಗೆ ಕೈಕೊಟ್ಟು ಈಸು ಕಲಿಸುತ್ತಿದ್ದ. ಮಧ್ಯಾಹ್ನ ಹುಣಸೆಬೀಜ ತಿಕ್ಕಿ ಚೌಕಾಬಾರಾ ಆಟ. ಅಪ್ಪ ಮಹಾ ಮೋಸಗಾರ, ಸೋಲು ಬಂತೆಂದರೆ ಬೀಜ ಮುಚ್ಚಿಡುತ್ತಿದ್ದ. ಅವ್ವ ಅವನ ಕೈ ಬಿಡಿಸಿ ತೋರಿಸುತ್ತಿದ್ದಳು. ಸಂಜೆ ಅಂಗಳದಲ್ಲಿ ಗೇರುಬೀಜ ಸುಟ್ಟರೆ ಅದರ ಹೊಗೆಯ ವಾಸನೆಗೇ ಬಾಯಲ್ಲಿ ನೀರು. ಹೊಟ್ಟೆ ತುಂಬಿದರೂ ಆಟ ಮುಗಿಯುತ್ತಿರಲಿಲ್ಲ.

ಒಂದು ಸಂಜೆ ಬೆಳಗಾವಿಯಿಂದ ಬಂದ ಮಾವ, ಎತ್ತು ಬಿಡುವ ಮೊದಲೇ ಹೇಳಿದ. "ಭಾವಾರ, ಕರೆಂಟ್ ಬಂತಂತ್ರಿ. ನಾಳಿಗೇ ಬರಬೇಕಂತ ಸಾವ್ಕಾರ್ರು ಹೇಳ್ಯಾರ. ಬೆಳಗಾವಿ ರೈಲ್ವೆ ಗೇಟಿನ್ ಕಡೆ ಒಂದ್ ಲಾರಿ ಹೊಂಟೈತಿ, ಬೆಳಗ್ಗೆ ಹತ್ತಿಸಿ ಬಿಡ್ತೀನಿ."

ಅವ್ವ ಬಸವಣ್ಣನಿಗೆ ಕೈ ಮುಗಿದು ಅರಿವೆ ಗಂಟು ಕಟ್ಟತೊಡಗಿದಳು. ಈರ್ಯಾ ಸೊಂಡಿ ಇಳಿಸಿ ಅಳಲು ಶುರು ಮಾಡಿದ. "ನಾಳಿ ಗುಡ್ಡಕ್ಕ ಕವಳಿಹಣ್ಣಿಗಿ ಹೋಗೂಣು ಅಂದಿದ್ದೆಲ್ಲಪಾ." ನಾನು ದೊಡ್ಡವಳು, ಅಳಲಿಲ್ಲ. ಕಂಬ ಹಿಡಿದು ಅಪ್ಪನ ಮುಖವನ್ನೇ ನೋಡುತ್ತ ನಿಂತೆ.

ಅಪ್ಪ ಈರ್ಯಾನನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡ. ಆಮೇಲೆ ಅಂದ, "ನಾಡದ ಹೋಗೂಣು."

"ಏನ್ ಮಾತ್ರೀ ಇದು!" ಅವ್ವ ಕಟ್ಟುತ್ತಿದ್ದ ಗಂಟನ್ನು ಕೈಬಿಟ್ಟಳು. "ನಿಮ್ಮ ಮಗ್ಗಕ್ಕ ಬ್ಯಾರೇದವ್ರನ್ನ ಹಚ್ಚಿದ್ರ?"

"ಹಚ್ಚಿದ್ರ ಹಚ್ಚಲಿ. ಹುಡುಗ್ರಿಗೆ ಮಾತ್ ಕೊಟ್ಟೇನಿ."

ಮರುದಿನ ಗುಡ್ಡದಲ್ಲಿ ಕವಳಿ ಪೊದೆಯ ಮುಳ್ಳು ಗೀರಿದ್ದು ಲೆಕ್ಕಕ್ಕೇ ಬರಲಿಲ್ಲ. ಕವಳಿಹಣ್ಣನ್ನು ಕಚ್ಚುವ ಮೊದಲು ಹುಂಜವೋ ಕೋಳಿಯೋ ಹೇಳಬೇಕು. ಒಳಗೆ ಕೆಂಪಿದ್ದರೆ ಹುಂಜ, ಬಿಳುಪಿದ್ದರೆ ಕೋಳಿ. ತಪ್ಪು ಹೇಳಿದವರು ಹಣ್ಣನ್ನು ಪಕ್ಕದವರಿಗೆ ಕೊಡಬೇಕು. ಅಪ್ಪ ಬೇಕಂತಲೇ ತಪ್ಪು ಹೇಳಿ ನಮ್ಮಿಬ್ಬರಿಗೂ ತಿನ್ನಿಸಿದ. ಹಾಲು ಅಂಟಿ ತುಟಿಗಳು ಮೆತ್ತಿಕೊಂಡಿದ್ದವು. ಮುಖ ಗಂಟು ಹಾಕಿಕೊಂಡು ಬಂದಿದ್ದ ಅವ್ವನೂ ಮಧ್ಯಾಹ್ನದ ಹೊತ್ತಿಗೆ, "ಇದು ಹುಂಜನ, ನೋಡ್ರಿ ಬೇಕಾರ!" ಎಂದು ವಾದಕ್ಕೆ ನಿಂತಳು. ನನ್ನ ಜೀವನದಲ್ಲಿ ಅಷ್ಟು ಸುಖದ ದಿನ ಇನ್ನೊಂದಿಲ್ಲ.

ಅವ್ವ ಹೆದರಿದ್ದೇ ಆಯಿತು. ಹಗಲು ಪಾಳಿಗೆ ಬೇರೆಯವನನ್ನು ಹಚ್ಚಿಯಾಗಿತ್ತು. ಅಪ್ಪನಿಗೆ ಸಿಕ್ಕದ್ದು ರಾತ್ರಿ ಪಾಳಿ. ನಾನು ಮದುವೆಯಾಗಿ ಹೋಗುವವರೆಗೂ ಅದೇ ನಡೆಯಿತು. ನಾವು ಸಾಲಿಗೆ ಹೊರಟಾಗ ಆತ ಬರುತ್ತಿದ್ದ, ಸಂಜೆ ನಾವು ಪುಸ್ತಕ ತೆಗೆದಾಗ ಆತ ಚಪ್ಪಲಿ ಹಾಕುತ್ತಿದ್ದ. ರಜೆಯ ದಿನ ಹಗಲೆಲ್ಲ ಅವ್ವ ಬಾಯಿಗೆ ಬೆರಳಿಟ್ಟು, ಗದ್ದಲ ಮಾಡಬೇಡಿರೆಂದು ನಮ್ಮನ್ನು ಹೊರಗೆ ಅಟ್ಟುತ್ತಿದ್ದಳು.

ಈಗ ಆ ಗುಡ್ಡಕ್ಕೆ ತಂತಿಬೇಲಿ ಬಿದ್ದಿದೆ. ನನ್ನ ಮಕ್ಕಳನ್ನು ಊರೂರು ತಿರುಗಿಸಿದ್ದೇನೆ, ಅವರೂ ಸುಖಪಟ್ಟಿದ್ದಾರೆ, ಇಲ್ಲವೆನ್ನಲಾರೆ. ಆದರೆ ಅವರಿಗಾಗಿ ನಾನು ಏನನ್ನಾದರೂ ಬಿಟ್ಟುಕೊಟ್ಟ ದಿನ ಒಂದೂ ನೆನಪಾಗುವುದಿಲ್ಲ. ಕೊನೆಗಾಲದಲ್ಲಿ ಅಪ್ಪನನ್ನು ಒಮ್ಮೆ ಕೇಳಿದ್ದೆ, ಆವತ್ತು ಉಳಿದದ್ದಕ್ಕೆ ಹಳಹಳಿ ಆಗಲಿಲ್ಲವೇ ಎಂದು.

"ಆತವಾ, ಯಾಕಾಗೂದಿಲ್ಲ" ಎಂದ ಅಪ್ಪ. "ಹೆಂಗೂ ಹಗಲಪಾಳಿ ಹೋಗೇ ಬಿಟ್ಟಿತ್ತು. ಇನ್ನೊಂದ್ ನಾಕ್ ದಿನ ಇದ್ದ ಬರಬೇಕಾಗಿತ್ತು."