ಕೊನೆಯ ಕೈ ಪಾಲಿಶ್

ಮೂವತ್ತೊಂದು ವರ್ಷ ಆಸ್ಪತ್ರೆಯ ನೆಲಕ್ಕೆ ಪಾಲಿಶ್ ಹಾಕಿ ನಿವೃತ್ತನಾದ ಅವನನ್ನು ಎಲ್ಲರೂ ಹೊಳಪಣ್ಣ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಗೆ ಮಾತ್ರ ಬೇಕಾಗಿತ್ತು. ಅವನು ಮೆರುಗು ಕೊಟ್ಟ ಕಾರಿಡಾರಿನಲ್ಲಿ ದೊಡ್ಡ ಡಾಕ್ಟರರೂ ನೋಡಿ ನೋಡಿ ಹೆಜ್ಜೆ ಇಡುತ್ತಿದ್ದರು. ಅದು ಜಾರುವ ಭಯಕ್ಕೋ, ಕೆಲಸದ ಮೇಲಿನ ಗೌರವಕ್ಕೋ, ಯಾರಿಗೆ ಗೊತ್ತು? ಅವನಂತೂ ಗೌರವಕ್ಕೇ ಎಂದು ತಿಳಿದಿದ್ದ.

ಆ ನೌಕರಿಯಿಂದ ಅವನ ಜೊತೆ ಮನೆಗೆ ಬಂದದ್ದು ಎರಡೇ. ಮೊದಲನೆಯದು ನೆಲದ ಪಾಲಿಶ್. ಬಿಡುವಾದಾಗಲೆಲ್ಲ ಅಂಗೈಯಗಲದ ದೋಣಿ, ರೈಲು, ವಿಮಾನಗಳ ಮಾದರಿ ಮಾಡುವ ಹುಚ್ಚು ಅವನಿಗೆ. ಬಣ್ಣ ಒಣಗಿದ ಮೇಲೆ ಬೇರೆಯವರು ದುಬಾರಿ ವಾರ್ನಿಶ್ ಹಚ್ಚಿದರೆ ಇವನು ನೆಲದ ಪಾಲಿಶನ್ನೇ ಹಚ್ಚುತ್ತಿದ್ದ. ನೀರಿನಷ್ಟು ತೆಳ್ಳಗಿನ ಆ ಅಕ್ರಿಲಿಕ್ ದ್ರವ ಬ್ರಶ್ಶಿನಿಂದ ಇಳಿದ ಕೂಡಲೇ ತಾನಾಗಿ ಹರಡಿಕೊಂಡು ಸಮವಾಗುತ್ತದೆ, ಗೆರೆ ಉಳಿಸುವುದಿಲ್ಲ, ಅರ್ಧ ಗಂಟೆಯಲ್ಲಿ ಗಾಜಿನಂತೆ ಒಣಗುತ್ತದೆ. ಎರಡನೆಯದು ಅವನ ಮೂಗು. ಆಸ್ಪತ್ರೆಯ ಉಗ್ರಾಣದಲ್ಲಿದ್ದ ಹದಿನೆಂಟು ಬಗೆಯ ದ್ರವಗಳನ್ನು ಕಣ್ಣು ಮುಚ್ಚಿಕೊಂಡೇ ಗುರುತಿಸುತ್ತಿದ್ದ. ಅದರ ಜಂಬ ಅವನಿಗೆ ಸ್ವಲ್ಪ ಜಾಸ್ತಿಯೇ ಇತ್ತು.

ಕಿಟಕಿಯ ಪಕ್ಕದ ಮೇಜಿನ ಮೇಲೆ ಒಂದೇ ಅಳತೆಯ ಎರಡು ಹಳೆಯ ಔಷಧಿ ಸೀಸೆಗಳಿದ್ದವು. ಒಂದರಲ್ಲಿ ಪಾಲಿಶ್, ಇನ್ನೊಂದರಲ್ಲಿ ನೀರು ಬೆರೆಸಿದ ಅಮೋನಿಯಾ. ಹಚ್ಚಿದ ಪಾಲಿಶ್ ಎಲ್ಲಾದರೂ ಕೆಟ್ಟರೆ ಅಮೋನಿಯಾದಲ್ಲಿ ಒರೆಸಬೇಕು, ಆಗ ಅದು ಕರಗಿ ಎದ್ದು ಬರುತ್ತದೆ. ಒಂದು ಹಚ್ಚುವುದಕ್ಕೆ, ಒಂದು ಅಳಿಸುವುದಕ್ಕೆ. ನೋಡಲು ಎರಡೂ ತಿಳಿನೀರು.

"ರೀ, ಒಂದು ಚೀಟಿನಾದ್ರೂ ಅಂಟಿಸಬಾರದಾ?" ಎಂದು ಹೆಂಡತಿ ಎಷ್ಟೋ ಸಲ ಹೇಳಿದ್ದಳು.

"ಚೀಟಿ ಬೇಕಾಗೋದು ಮೂಗಿಲ್ಲದೋರಿಗೆ ಕಣೇ," ಎನ್ನುತ್ತಿದ್ದ.

ಆ ವರ್ಷ ಅವನು ಕೈಗೆತ್ತಿಕೊಂಡಿದ್ದು ಭಾವನ ದೋಣಿಯನ್ನು. ಅಕ್ಕನ ಗಂಡ ಇಪ್ಪತ್ತಾರು ವರ್ಷ ನದಿಯ ಈ ದಡದಿಂದ ಆ ದಡಕ್ಕೆ ಜನರನ್ನು ದಾಟಿಸುತ್ತಿದ್ದ ಯಂತ್ರದೋಣಿಯ ಚಾಲಕ. ದೋಣಿಯ ಹೆಸರು 'ಗೆಳತಿ'. ಭಾವ, ಭಾವಮೈದ ಸೇರಿ ಅದರ ಮಾದರಿ ಮಾಡುವುದೆಂದು ಮಾತಾಗಿತ್ತು. ಒಂದು ಭಾನುವಾರ ಭಾವ ಉಸಿರು ಬಿಗಿಹಿಡಿದು, ನಾಲಿಗೆ ಕಚ್ಚಿಕೊಂಡು, ಈರುಳ್ಳಿ ಸಿಪ್ಪೆಗಿಂತ ತೆಳುವಾದ ಪಾರದರ್ಶಕ ಪಟ್ಟಿಯ ಮೇಲೆ, ಅದೇ ಪಾಲಿಶಿನಲ್ಲಿ ಕಲಸಿದ ಬಿಳಿ ಬಣ್ಣದಲ್ಲಿ 'ಗೆಳತಿ' ಎಂದು ಬರೆದುಕೊಟ್ಟ. ಮೂರು ಅಕ್ಷರ, ಒಟ್ಟು ಉಗುರಿನಗಲ. 'ಳ' ಸ್ವಲ್ಪ ವಾಲಿಕೊಂಡಿತ್ತು. ಮುಂದಿನ ತಿಂಗಳೇ ಕೆಲಸದ ಮೇಲಿದ್ದಾಗ ಎದೆನೋವು ಬಂದು ಭಾವ ಹೋಗಿಬಿಟ್ಟ.

ಭಾವನಿಗೂ ಓದು ಬರಹಕ್ಕೂ ಅಷ್ಟಕ್ಕಷ್ಟೇ. ಪತ್ರ ಬರೆದವನಲ್ಲ, ಡೈರಿ ಇಟ್ಟವನಲ್ಲ. ಮನೆಯೆಲ್ಲ ಜಾಲಾಡಿದರೂ ಅಕ್ಕನಿಗೆ ಗಂಡನ ಕೈಬರಹ ಒಂದು ಸಾಲೂ ಸಿಗಲಿಲ್ಲ. ಉಳಿದದ್ದು ಈ ಮೂರು ಅಕ್ಷರ. "ಅದೊಂದು ಜೋಪಾನ ಕಣೋ ತಮ್ಮ. ದೋಣಿ ಹೆಂಗಾದ್ರೂ ಇರಲಿ," ಎಂದಿದ್ದಳು. ಒಂದು ಫೋಟೊ ತೆಗೆದಿಡಬಹುದಿತ್ತಲ್ಲ ಎಂದು ಆಮೇಲೆ ಕೇಳಿದವರು ಬಹಳ ಜನ. ಆಮೇಲೆ ಎಲ್ಲರಿಗೂ ಬುದ್ಧಿ ಬರುತ್ತದೆ.

ದೋಣಿ ಸಿದ್ಧವಾಗುತ್ತಿದ್ದ ತಿಂಗಳುಗಳಲ್ಲೇ ಮನೆಯಲ್ಲಿ ಏನೋ ಹದ ತಪ್ಪತೊಡಗಿತ್ತು. ಹೊಲಿಗೆ ಅಂಗಡಿಯಿಂದ ಹೆಂಡತಿ ಸಂಜೆ ಮರಳಿದರೆ ಒಲೆಯ ಮೇಲೆ ಹಾಲು ಸೀದು ಪಾತ್ರೆ ಕಪ್ಪಾಗಿತ್ತು. ಗೋಡೆಯಾಚೆ ಹೊಳಪಣ್ಣ ಹಾಯಾಗಿ ದೋಣಿಯ ಕಂಬಿಗೆ ಬಣ್ಣ ಬಳಿಯುತ್ತಿದ್ದ. "ಬೀದಿಗೆಲ್ಲ ಸೀದ ವಾಸನೆ ಬರ್ತಿದೆ, ನಿಮಗೆ ಬರಲಿಲ್ವಾ?" ಎಂದರೆ, "ಕೆಲಸದಲ್ಲಿ ಮುಳುಗಿದ್ದೆ" ಎಂದ. ಆಮೇಲೆ ಚಹಾಪುಡಿಯಲ್ಲಿ ದಮ್ಮಿಲ್ಲ ಎಂದು ಅಂಗಡಿಯವನ ಜೊತೆ ಜಗಳ ಕಾದ. ಸೋಪು ಮಾಡುವವರೆಲ್ಲ ಕಳ್ಳರು ಎಂದ. ಒಡೆದ ಹಾಲನ್ನು ಲೋಟಕ್ಕೆ ಬಗ್ಗಿಸಿಕೊಂಡು ತುಟಿಯವರೆಗೆ ಒಯ್ದಾಗ ಹೆಂಡತಿ ಕೈಯಿಂದ ಕಿತ್ತುಕೊಂಡಳು. ಅವಳಿಗೆ ಅಳುಕು ಶುರುವಾಗಿತ್ತು. ಅವನಿಗೆ ಮಾತ್ರ ಇಲ್ಲ. ಲೋಕವೆಲ್ಲ ಒಟ್ಟಿಗೆ ಸಪ್ಪೆಯಾಯಿತು ಎಂದು ನಂಬುವುದು ಅವನಿಗೆ ಸುಲಭವಾಗಿತ್ತು, ಸ್ವಂತ ಮೂಗನ್ನು ಅನುಮಾನಿಸುವುದು ಆಗದ ಮಾತು.

ಪಾಲಿಶ್ ಸೀಸೆ ಯಾವಾಗಲೂ ಬಲಗಡೆ ಇರುತ್ತಿತ್ತು. ಕೈ ತಾನಾಗಿಯೇ ಅಲ್ಲಿಗೆ ಹೋಗುತ್ತಿತ್ತು. ಹಾಗಾಗಿ ಮೂಗು ಯಾವಾಗ ರಜೆ ಹಾಕಿತು ಎನ್ನುವುದೇ ಅವನಿಗೆ ತಿಳಿಯಲಿಲ್ಲ.

ಅಕ್ಕ ಬರುವ ದಿನ ಬೆಳಗ್ಗೆ ಹೆಂಡತಿ ಆ ಮೇಜನ್ನು ಚೊಕ್ಕವಾಗಿ ಒರೆಸಿ, ಸೀಸೆಗಳನ್ನು ಎತ್ತಿ ಮತ್ತೆ ಇಟ್ಟು ಕೆಲಸಕ್ಕೆ ಹೋದಳು. ದೋಣಿಯ ಹಿಂಬದಿಗೆ ಎರಡು ಕೈ ಪಾಲಿಶ್ ಹಾಕಿ ಒಣಗಿಸಿ, ಅದರ ಮೇಲೆ ಭಾವನ ಅಕ್ಷರದ ಪಟ್ಟಿಯನ್ನು ಹಿಂದಿನ ದಿನವೇ ಕೂರಿಸಿಯಾಗಿತ್ತು. ಇನ್ನು ಮೇಲೊಂದು ಕೈ ಹಚ್ಚಿದರೆ ಬರಹ ನೂರು ವರ್ಷ ಕದಲುವುದಿಲ್ಲ. ಹೊಳಪಣ್ಣ ಬಲಗಡೆಯ ಸೀಸೆಯ ಮುಚ್ಚಳ ತೆಗೆದ. ಹಳೆಯ ರೂಢಿಯಂತೆ ಮೂಗಿಗೆ ಹಿಡಿದ. ಏನೂ ಬರಲಿಲ್ಲ. ಅಮೋನಿಯಾ ಆಗಿದ್ದರೆ ಘಾಟು ನೆತ್ತಿಗೇರಬೇಕಿತ್ತು. ಏರಲಿಲ್ಲ ಅಂದಮೇಲೆ ಇದು ಪಾಲಿಶ್ಶೇ. ಲೆಕ್ಕ ಸರಿಯಾಗಿಯೇ ಇತ್ತು, ಮೂಗು ಇದ್ದಿದ್ದರೆ.

ಬ್ರಶ್ಶು ಅದ್ದಿ ಎಡದಿಂದ ಬಲಕ್ಕೆ ಒಂದೇ ಎಳೆತದಲ್ಲಿ ಎಳೆದ. ಕಣ್ಣಲ್ಲಿ ನೀರು ತುಂಬಿತು. ಭಾವನ ನೆನಪಿಗೆ ಎಂದುಕೊಂಡ, ಒರೆಸಿಕೊಳ್ಳಲೂ ಇಲ್ಲ. ಮಂಜಾದ ಕನ್ನಡಕದಲ್ಲಿ ಅಕ್ಷರ ಕೊಂಚ ಮಸುಕಾಗಿ ಕಂಡಿತು. ಹಸಿಯಿದ್ದಾಗ ಹಾಗೆ ಕಾಣುವುದುಂಟು. ಹಚ್ಚಿದ ಜಾಗವನ್ನು ಮತ್ತೆ ಮುಟ್ಟಬಾರದು, ಅರ್ಧ ಗಂಟೆ ಇಣುಕಿಯೂ ನೋಡಬಾರದು, ಇದು ಅವನೇ ಮಾಡಿಕೊಂಡ ಕಟ್ಟಳೆ. ಧೂಳು ಕೂರದಂತೆ ದೋಣಿಯ ಮೇಲೆ ದೊಡ್ಡ ಬಟ್ಟಲನ್ನು ಮಗುಚಿಟ್ಟು ಕುರ್ಚಿಗೆ ಒರಗಿದ. ಎಷ್ಟೋ ದಿನಗಳ ಮೇಲೆ ಮನಸ್ಸು ಹಗುರಾಗಿತ್ತು.

ಇಪ್ಪತ್ತು ನಿಮಿಷಕ್ಕೆ ಅಕ್ಕ ಮೆಟ್ಟಿಲು ಹತ್ತಿ ಬಂದಳು. ಬಾಗಿಲಲ್ಲೇ ಸೆರಗು ಮೂಗಿಗೆ ಒತ್ತಿಕೊಂಡು ನಿಂತಳು.

"ಏನೋ ಇದು ಘಾಟು? ಕಣ್ಣೆಲ್ಲ ಉರೀತಿದೆ. ಕಿಟಕಿ ತೆಗಿ ಮೊದಲು!"

"ಎಂಥ ಘಾಟು? ಪಾಲಿಶ್ ಹಚ್ಚಿದೀನಿ ಅಷ್ಟೇ. ಅದಕ್ಕೆಲ್ಲಿದೆ ವಾಸನೆ?"

"ತಮಾಷೆ ಮಾಡ್ತೀಯಾ? ಕೆಳಗಡೆವರೆಗೂ ಬರ್ತಿದೆ. ನಿಂಗೆ ಬರ್ತಿಲ್ವಾ?"

ಅವನು ನಗುತ್ತಲೇ ಸೀಸೆ ಎತ್ತಿ ಮೂಗಿಗೆ ಹಿಡಿದ. ಇನ್ನೊಂದನ್ನು ಹಿಡಿದ. ಮತ್ತೆ ಮೊದಲನೆಯದನ್ನು. ಎರಡರಲ್ಲೂ ಏನೂ ಇರಲಿಲ್ಲ. ನಗು ಮುಖದ ಮೇಲೆ ಹಾಗೇ ಅಂಟಿಕೊಂಡಿತು. ಬಟ್ಟಲು ಎತ್ತಲು ಕೈ ಬರಲಿಲ್ಲ, ಅಕ್ಕನೇ ಎತ್ತಿದಳು.

ಕೆಳಗಿನ ಪಾಲಿಶ್ ಕರಗಿ ಬಿಳಿ ಲೋಳೆಯಾಗಿತ್ತು. ಪಟ್ಟಿ ಮುದುಡಿ ಜಾರಿ ಮೇಜಿಗೆ ಬಿದ್ದಿತ್ತು. ಅದರ ಮೇಲೆ ಅಕ್ಷರವಿರಲಿಲ್ಲ, ಹಾಲು ಚೆಲ್ಲಿದಂಥ ಒಂದು ಕಲೆ ಇತ್ತು. ಅಕ್ಕ ಬೆರಳ ತುದಿಯಿಂದ ಪಟ್ಟಿಯನ್ನು ಬಿಡಿಸಲು ನೋಡಿದಳು. ಅದು ಹರಿಯಿತು.

"ಹೋಯ್ತಲ್ಲೋ," ಎಂದಳು. "ಅದೊಂದಿತ್ತು. ಅದೂ ಹೋಯ್ತು."

ಅವನು ಬೈಗುಳಕ್ಕೆ ಕಾದ. ಅವಳು ಬೈದಿದ್ದರೆ, ಎರಡು ಏಟು ಹಾಕಿದ್ದರೆ ಬದುಕಿಕೊಳ್ಳುತ್ತಿದ್ದ. ಅಕ್ಕ ಅಳುತ್ತಲೇ ಇದ್ದವಳು ಇದ್ದಕ್ಕಿದ್ದಂತೆ ನಿಲ್ಲಿಸಿ ಅವನ ಮುಖ ನೋಡಿದಳು. ದೋಣಿಯ ಕಡೆ ತಿರುಗಲಿಲ್ಲ.

"ಯಾವಾಗಿಂದ ವಾಸನೆ ಗೊತ್ತಾಗ್ತಿಲ್ಲ?"

"ಗೊತ್ತಿಲ್ಲಕ್ಕ."

"ಅಪ್ಪಂಗೂ ಮೊದಲು ಹೋಗಿದ್ದು ಅದೇ ಕಣೋ. ನೀನಾಗ ಚಿಕ್ಕವನು, ನಿಂಗೆ ನೆನಪಿರಲ್ಲ. ಸೀಮೆಎಣ್ಣೆ ಚೆಲ್ಲಿದ್ರೂ ತಿಳೀತಿರಲಿಲ್ಲ, ನಾವೆಲ್ಲ ನಗಾಡ್ತಿದ್ವಿ. ಅದಾಗಿ ಎರಡು ವರ್ಷಕ್ಕೆ ಕೈ ನಡುಗಕ್ಕೆ ಶುರುವಾಯ್ತು. ಚಮಚ ಬಾಯಿಗೆ ಹೋಗೋಷ್ಟರಲ್ಲಿ ಖಾಲಿ." ಅವಳ ದನಿ ತೀರ ಇಳಿದಿತ್ತು. "ಕೈ ಚಾಚು ನೋಡೋಣ."

ಅವನು ಬಲಗೈ ಚಾಚಿದ. ಬೆರಳುಗಳು ಸ್ಥಿರವಾಗಿದ್ದವು. ಇಬ್ಬರೂ ಆ ಬೆರಳುಗಳನ್ನೇ ನೋಡುತ್ತ ನಿಂತರು. ಸಾಕು ಎಂದು ಅಕ್ಕ ಹೇಳಲಿಲ್ಲ. ಹಿಂದಕ್ಕೆ ಎಳೆದುಕೊಳ್ಳುವ ಧೈರ್ಯ ಅವನಿಗೂ ಬರಲಿಲ್ಲ.