ಕೋಲು ಮುಟ್ಟಿದರೆ ಹೊರಗೆ

“ನಾನು ಕೇಳಿದ್ನಾ? ಕೋಲು ಕೊಡು ಅಂತ ಬಾಯಿ ಬಿಟ್ಟು ಕೇಳಿದ್ನಾ?”

“ಬಾಯಿ ತುಂಬ ನೀರಿತ್ತು. ಎಲ್ಲಿಂದ ಕೇಳ್ತೀಯ?”

“ಇನ್ನು ನಾಲ್ಕು ಸಲ ಕೈ ಬೀಸಿದ್ರೆ ಗೋಡೆ ಸಿಗ್ತಿತ್ತಮ್ಮ! ನಾಲ್ಕೇ ನಾಲ್ಕು! ಊರವರ ಮಕ್ಕಳಿಗೆಲ್ಲ ಕಾಯ್ತೀಯ. ಹೆತ್ತ ಮಗಳಿಗೆ ಕಾಯೋಕಾಗಲಿಲ್ಲ ನಿಂಗೆ.”

“ಮೊದಲು ಆ ಒದ್ದೆ ಬಟ್ಟೆ ಬಿಚ್ಚು. ಶೀತ ಆಗುತ್ತೆ.”

“ಆಗ್ಲಿ, ಸಾಯ್ತೀನಿ. ಅದಕ್ಕೂ ಒಂದು ಕೋಲು ಚಾಚು.”

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಇದು ಕಡಲ ಸೇವೆಗೆ ಅಧಿಕಾರಿಗಳನ್ನು ತಯಾರು ಮಾಡುವ ಅಕಾಡೆಮಿಯ ಈಜುಕೊಳ, ಅದರ ಹಿಂದಿನ ಪಂಪ್ ಮನೆ. ಕ್ಲೋರಿನ್ ಡಬ್ಬಗಳ ನಡುವೆ ಹತ್ತೊಂಬತ್ತರ ಹುಡುಗಿ ನಿಂತಿದ್ದಾಳೆ. ಮೈಯಿಂದ ನೀರು ಸುರಿದು ಕಾಲಡಿ ಮಡುಗಟ್ಟಿದೆ. ಎದುರಿಗೆ ಟವೆಲ್ ಹಿಡಿದ ತಾಯಿ. ಮಗಳು ಟವೆಲ್ ತೆಗೆದುಕೊಳ್ಳುತ್ತಿಲ್ಲ, ತಾಯಿ ಅದನ್ನು ಕೆಳಗಿಡುತ್ತಿಲ್ಲ. ಪಂಪ್ ನೋಡಿಕೊಳ್ಳುವ ತಂದೆ ಯಾರ ಮುಖವನ್ನೂ ನೋಡದೆ, ಬಿಗಿಯಾಗಿಯೇ ಇರುವ ಒಂದು ನಟ್ಟನ್ನು ಮತ್ತೆ ಮತ್ತೆ ಬಿಗಿ ಮಾಡುತ್ತಿದ್ದಾರೆ.

ಈ ತಾಯಿಯನ್ನು ಅಕಾಡೆಮಿಯಲ್ಲಿ ಎಲ್ಲರೂ ಕೋಲಕ್ಕ ಎನ್ನುತ್ತಾರೆ. ಐವತ್ತರ ಹತ್ತಿರದ ವಯಸ್ಸು, ಗಿಡ್ಡ ಮೈಕಟ್ಟು, ಕೆಲಸಕ್ಕೆ ಪಳಗಿದ ಭುಜ. ವರ್ಷಕ್ಕೊಮ್ಮೆ ನಡೆಯುವ ಆಯ್ಕೆಯ ದಿನಗಳಲ್ಲಿ ಕೊಳದ ಅಂಚಿನಲ್ಲಿ ಉದ್ದನೆಯ ಕೋಲು ಹಿಡಿದು ನಿಲ್ಲುವುದು ಇವರ ಕೆಲಸ. ಕೋಲೆಂದರೆ ಅಲ್ಯುಮಿನಿಯಂ ಕೊಳವೆ. ಮಕ್ಕಳ ಮುಖಕ್ಕೆ ತಾಗಿದರೆ ಗಾಯವಾಗಬಾರದೆಂದು ತುದಿಗೆ ಹಳೆಯ ಸೈಕಲ್ ಟ್ಯೂಬು ಸುತ್ತಿದ್ದಾರೆ. ಹಾಗೆ ಸುತ್ತು ಎಂದು ಇವರಿಗೆ ಯಾರೂ ಹೇಳಿಲ್ಲ.

ಈ ಅಕಾಡೆಮಿಗೆ ಸೇರುವುದು ಹುಡುಗಾಟವಲ್ಲ. ಲೆಕ್ಕದಲ್ಲೂ ಭೌತಶಾಸ್ತ್ರದಲ್ಲೂ ಒಳ್ಳೆಯ ಅಂಕ ಬೇಕು. ವಯಸ್ಸು ಇಪ್ಪತ್ತು ತುಂಬಿರಬಾರದು. ಮದುವೆಯಾಗಿರಬಾರದು. ಕನ್ನಡಕವಿಲ್ಲದೆ ದೂರದ ಅಕ್ಷರ ಓದಬೇಕು, ಕೆಂಪು ದೀಪ ಯಾವುದು ಹಸಿರು ದೀಪ ಯಾವುದು ಎಂದು ಕತ್ತಲಲ್ಲಿ ಹೇಳಬೇಕು. ಎತ್ತರ, ತೂಕ, ಎದೆಯ ಸುತ್ತಳತೆ, ಹಲ್ಲು, ಕಿವಿ, ಪಾದ ಎಲ್ಲ ಮುಟ್ಟಿ ನೋಡುತ್ತಾರೆ. ಸಂತೆಯಲ್ಲಿ ಹೋರಿಯನ್ನೂ ಇಷ್ಟು ನೋಡುವುದಿಲ್ಲ. ಸಾವಿರಾರು ಮಕ್ಕಳು ಅರ್ಜಿ ಹಾಕುತ್ತಾರೆ, ಇದೆಲ್ಲ ದಾಟಿ ನೂರಿನ್ನೂರು ಮಂದಿ ಈಜುಕೊಳದವರೆಗೆ ಬರುತ್ತಾರೆ.

ಈಜೇ ಕೊನೆಯ ಪರೀಕ್ಷೆ. ಹಡಗಿನ ಎಂಜಿನ್ ಕೋಣೆಯಲ್ಲಿ ತೊಡುವ ಬಾಯ್ಲರ್ ಸೂಟು ಇರುತ್ತದಲ್ಲ, ಕತ್ತಿನಿಂದ ಕಾಲಿನವರೆಗೆ ಒಂದೇ ಆದ ದಪ್ಪ ಬಟ್ಟೆ, ಅದನ್ನು ತೊಟ್ಟು ಕೊಳದ ಈ ತುದಿಯಿಂದ ಆ ತುದಿಗೆ ಹೋಗಿ ಮರಳಬೇಕು. ಬರುವಾಗ ಅದು ನೀರು ಕುಡಿದು ಹೆಣಭಾರವಾಗಿರುತ್ತದೆ. ಮೂವರು ಮೂವರನ್ನಾಗಿ ಇಳಿಸುತ್ತಾರೆ. ಸೋತವರ ಮುಂದೆ ಕೋಲಕ್ಕ ಕೋಲು ಚಾಚುತ್ತಾರೆ. ಕೋಲು ಮುಟ್ಟಿದರೆ ಹೊರಗೆ. ಅಂಕಪಟ್ಟಿ, ಕಣ್ಣು, ಎದೆ, ಪಾದ ಎಲ್ಲ ಅಲ್ಲಿಗೆ ಮುಗಿಯಿತು.

“ಮುಟ್ಟೋದು ಬಿಡೋದು ಅವರಿಷ್ಟ ಅಂತ ಸಾಹೇಬ್ರು ಹೇಳ್ತಾರೆ. ಎಲ್ಲಿಯ ಇಷ್ಟ? ಉಸಿರು ಕಟ್ಟಿದವರ ಕಣ್ಣ ಮುಂದೆ ಕೋಲು ಬಂದ ಮೇಲೆ ಹಿಡಿಯದ ಕೈನ ನಾನಂತೂ ನೋಡಿಲ್ಲ. ಚಾಚಿದೆ ಅಂದ್ರೆ ಅವರ ಕಥೆ ಮುಗೀತು. ಚಾಚದೆ ಹೋದ್ರೆ ಇನ್ನೊಂದು ಥರ ಮುಗೀಬಹುದು” ಎನ್ನುತ್ತಾರೆ ಕೋಲಕ್ಕ.

ಎಷ್ಟು ಹೊತ್ತು ಕಾಯಬೇಕು? ಅದಕ್ಕೆ ನಿಯಮವಿಲ್ಲ. ಅಕಾಡೆಮಿಯ ನಿಯಮಾವಳಿಯಲ್ಲಿ ಬೂಟಿನ ಲೇಸು ಹೇಗೆ ಕಟ್ಟಬೇಕು ಎಂಬುದಕ್ಕೂ ಒಂದು ಪುಟವಿದೆ, ಇದಕ್ಕೆ ಒಂದು ಸಾಲಿಲ್ಲ. ಸಾಲಿಲ್ಲ ಎಂದಮೇಲೆ ಹುದ್ದೆ ಎಲ್ಲಿಂದ ಬರಬೇಕು? ಕೋಲಕ್ಕ ಇರುವುದು ಸ್ವಚ್ಛತೆಯ ಗುತ್ತಿಗೆದಾರನ ಕೈಕೆಳಗೆ, ಬಟ್ಟೆ ಬದಲಿಸುವ ಕೋಣೆಗಳನ್ನು ತೊಳೆಯುವವಳೆಂದು. ಮೊದಲು ಕೋಲು ಹಿಡಿಯುತ್ತಿದ್ದವನ ಬೆನ್ನು ಹೋಯಿತು. ಅದೇ ವಾರ ಒಬ್ಬ ಹುಡುಗ ನೀರಿನ ತಳ ಸೇರಿದ. ಪರೀಕ್ಷೆ ನಡೆಸುವ ಕ್ಯಾಪ್ಟನ್ನರು ಸೀಟಿ ಊದುತ್ತ ನಿಂತಿದ್ದಾಗ ಪೊರಕೆ ಬಿಸಾಕಿ ಧುಮುಕಿ ಅವನನ್ನು ಎತ್ತಿ ತಂದವರು ಇವರು. “ನಾಳೆಯಿಂದ ನೀನೇ ಹಿಡಿ” ಎಂದರಂತೆ ಕ್ಯಾಪ್ಟನ್ನರು. ನೇಮಕ ಅಂದರೆ ಅಷ್ಟೇ. ಹನ್ನೊಂದು ವರ್ಷವಾಯಿತು. ಈಗಲೂ ಪರೀಕ್ಷೆ ಮುಗಿದ ಮೇಲೆ ಕೋಲು ಗೋಡೆಗೆ ಒರಗಿಸಿ ಪೊರಕೆ ಹಿಡಿಯುತ್ತಾರೆ.

ಈಜು ಕಲಿತಿದ್ದು ಕಲ್ಲುಗಣಿಯ ಹೊಂಡದಲ್ಲಿ. ಅಪ್ಪ ಕಲ್ಲು ಒಡೆಯುವವರು, ಗಣಿಯ ಪಕ್ಕದಲ್ಲೇ ತಗಡಿನ ಮನೆ. ಅಗೆದು ಬಿಟ್ಟ ಹೊಂಡಗಳಲ್ಲಿ ನೀರು ನಿಲ್ಲುತ್ತಿತ್ತು. “ನಮಗೆ ಅದೇ ಬಚ್ಚಲು, ಅದೇ ಆಟದ ಮೈದಾನ. ಯಾರೂ ಕಲಿಸಲಿಲ್ಲ. ಅಣ್ಣ ನೂಕಿದ, ನಾನು ಮೇಲೆ ಬಂದೆ, ಬಂದು ಅವನನ್ನ ನೂಕಿದೆ.”

ಮಗಳು ಕಲಿತಿದ್ದೂ ಅದೇ ಹೊಂಡದಲ್ಲಿ. ಮನೆ ಇರುವುದು ಈಜುಕೊಳದ ಗೋಡೆಗೆ ಅಂಟಿಕೊಂಡು. ಆದರೆ ಕೆಲಸದವರ ಮಕ್ಕಳು ಕೊಳಕ್ಕೆ ಇಳಿಯುವಂತಿಲ್ಲ. ಅಧಿಕಾರಿಗಳ ಮನೆಯ ನಾಯಿ ಒಮ್ಮೆ ಇಳಿದಿತ್ತು, ಎಲ್ಲರೂ ನಕ್ಕು ಫೋಟೊ ತೆಗೆದರು. ಈ ಹುಡುಗಿ ಇಳಿದಿದ್ದರೆ ಅಪ್ಪ ಅಮ್ಮ ಇಬ್ಬರ ಕೆಲಸವೂ ಹೋಗುತ್ತಿತ್ತು. ಹಾಗಾಗಿ ರಜೆಯ ದಿನ ತಾಯಿ ಮಗಳು ಬಸ್ಸು ಹತ್ತಿ ಹಳೆಯ ಗಣಿಗೆ ಹೋಗುತ್ತಿದ್ದರು. ಅಪ್ಪನ ಎಣ್ಣೆಕಲೆಯ ಬಾಯ್ಲರ್ ಸೂಟು ತೊಟ್ಟು ಹುಡುಗಿ ಈಜುತ್ತಿದ್ದಳು, ತಾಯಿ ದಡದಲ್ಲಿ ನಿಲ್ಲುತ್ತಿದ್ದರು.

“ಅಲ್ಲಿ ನನ್ನ ಕೈಲಿ ಕೋಲಿರಲಿಲ್ಲ. ಎಷ್ಟೋ ಸಲ ದಾಟಿದ್ಲು” ಎನ್ನುತ್ತಾರೆ.

ಕೋಲು ಮುಟ್ಟಿ ಹೊರಬಿದ್ದವರ ಅಪ್ಪ ಅಮ್ಮಂದಿರು ಇವರನ್ನು ಬಾಯಿಗೆ ಬಂದಂತೆ ಬೈಯುತ್ತಾರೆ. ಒಬ್ಬಾತ ಮುಖಕ್ಕೆ ಉಗಿದಿದ್ದಾನೆ. ಇನ್ನೊಬ್ಬಾಕೆ ನಿನ್ನ ಹೊಟ್ಟೆ ಉರಿಯಲಿ ಎಂದು ನೆಲದ ಮಣ್ಣು ತೂರಿದ್ದಾಳೆ. ಥ್ಯಾಂಕ್ಸ್ ಎಂದವರು ಯಾರಾದರೂ ಇದ್ದಾರೆಯೇ ಎಂದರೆ ಕೋಲಕ್ಕ ನಗುತ್ತಾರೆ. “ಒಬ್ಬ ಹುಡುಗನ್ನ ಎಳೆದು ಮಲಗಿಸಿ ಬೆನ್ನು ತಟ್ಟಿದೆ. ನೀರು ಕಕ್ಕಿದ. ಕಣ್ಣು ಬಿಟ್ಟವನೇ ‘ಹಾಳಾಗಿ ಹೋಗು’ ಅಂದ. ಸದ್ಯ, ಉಸಿರು ಬಂತಲ್ಲ ಅಂದ್ಕೊಂಡೆ.”

ಈ ವರ್ಷ ಮಗಳು ಬರೆಯುವ ಪರೀಕ್ಷೆ ಪಾಸಾದಳು. ಕಣ್ಣು, ಎದೆ, ಪಾದ ಎಲ್ಲವೂ ಪಾಸು. ಬರುವ ತಿಂಗಳು ಇಪ್ಪತ್ತು ತುಂಬುತ್ತದೆ, ಆಮೇಲೆ ಅರ್ಜಿ ಹಾಕುವಂತೆಯೇ ಇಲ್ಲ. ಇದೇ ಮೊದಲು, ಇದೇ ಕೊನೆ. ಮಗಳ ಸರದಿಯ ಹೊತ್ತಿಗೆ ಕೋಲನ್ನು ಬೇರೆಯವರಿಗೆ ಕೊಡಿ ಎಂದು ಕೋಲಕ್ಕ ಹಿಂದಿನ ದಿನವೇ ಕ್ಯಾಪ್ಟನ್ನರ ಬಾಗಿಲಲ್ಲಿ ನಿಂತು ಕೇಳಿಕೊಂಡಿದ್ದಾರೆ. “ಬೇರೆ ಯಾರಿದ್ದಾರೆ? ಆ ಹುದ್ದೆಯೇ ಇಲ್ಲವಲ್ಲ” ಎಂಬ ಉತ್ತರ ಬಂದಿದೆ. ಹುದ್ದೆ ಇಲ್ಲದ ಕೆಲಸಕ್ಕೆ ಬದಲಿ ಆಳೂ ಇಲ್ಲ. ಇಂಥ ತರ್ಕ ಹೊಳೆಯಬೇಕಾದರೆ ದೊಡ್ಡ ಕುರ್ಚಿಯಲ್ಲೇ ಕೂತಿರಬೇಕು.

ಇವತ್ತು ಆಯ್ಕೆಯ ಕೊನೆಯ ದಿನ, ಉಳಿದದ್ದು ಎರಡೇ ತಂಡ. ಬೆಳಗಿನ ಮೊದಲ ತಂಡದಲ್ಲೇ ಮಗಳು ಇಳಿದಳು. ಹೋಗುವಾಗ ಚೆನ್ನಾಗಿಯೇ ಹೋದಳು. ಮರಳುವಾಗ ಅರ್ಧ ದಾಟಿ, ಗೋಡೆ ಹತ್ತಿರಾದ ಮೇಲೆ ಒಮ್ಮೆ ತಲೆ ಮುಳುಗಿತು. ಎದ್ದಳು, ಮತ್ತೆ ಮುಳುಗಿತು. ಕೋಲು ಆಗಲೇ ಅವಳ ಮುಂದಿತ್ತು.

ಪಂಪ್ ಮನೆಯ ಜಗಳ ಇದರದ್ದು. ಇದರಲ್ಲಿ ಇನ್ನೊಂದು ಎಳೆಯೂ ಇದೆ. ಅವಸರದಲ್ಲಿ ತಪ್ಪಿ ಕೋಲು ಚಾಚಿದ್ದರೆ, ಚಾಚಿದವರು ಅವತ್ತೇ ಕ್ಯಾಪ್ಟನ್ನರಿಗೆ ಹೇಳಬಹುದು. ಆಗ ಆ ಅಭ್ಯರ್ಥಿಯನ್ನು ಎಲ್ಲರದೂ ಮುಗಿದ ಮೇಲೆ ಮತ್ತೊಮ್ಮೆ ಇಳಿಸುತ್ತಾರೆ. ಬೇರೆಯವರ ಮಕ್ಕಳಿಗಾಗಿ ಕೋಲಕ್ಕ ಹಿಂದೆ ಹಾಗೆ ಹೇಳಿದ್ದಾರೆ. ಈಗ ಚಹಾದ ಬಿಡುವು. ಇನ್ನು ಉಳಿದಿರುವುದು ಒಂದೇ ತಂಡ.

“ಹೋಗಿ ಹೇಳಿಬಿಡೇ, ತಪ್ಪಿ ಚಾಚಿದೆ ಅಂತ” ಎಂದು ತಂದೆ ಕಡೆಗೂ ಬಾಯಿ ಬಿಡುತ್ತಾರೆ. “ನಿನ್ನ ನಾಲಿಗೆ ಸವೆಯುತ್ತಾ?”

“ತಪ್ಪಿ ಚಾಚಿದ್ರೆ ಹೇಳ್ತಿದ್ದೆ ಕಣ್ರೀ. ಹೆದರಿ ಚಾಚಿದೆ.”

“ಹಾಗಾದ್ರೆ ಅದನ್ನೇ ಹೇಳು!” ಮಗಳು ಡಬ್ಬವೊಂದನ್ನು ಒದೆಯುತ್ತಾಳೆ. “ಹೆದರಿದೆ ಅಂತ ಹೇಳು. ಬೇರೆಯವರಾಗಿದ್ರೆ ಕಾಯ್ತಿದ್ದೆ ಅಂತ ಹೇಳು. ಸುಳ್ಳಾ ಅದು?”

“ಸುಳ್ಳಲ್ಲ. ಮೂರನೇ ಸಲ ಮುಳುಗೋವರೆಗೂ ಕಾಯ್ತಿದ್ದೆ.”

“ಮತ್ತೆ?”

“ಹೇಳಿದ್ರೆ ನಿನ್ನ ಮತ್ತೆ ಇಳಿಸ್ತಾರೆ. ನಿನ್ನ ಕೈ ಸೋತಿದೆ, ನೋಡು, ಮೇಲೆತ್ತೋಕೂ ಆಗ್ತಿಲ್ಲ. ಕೋಲು ಮತ್ತೆ ನನ್ನ ಕೈಲೇ ಇರುತ್ತೆ. ನಾನು ಮತ್ತೆ ಚಾಚ್ತೀನಿ.”

“ಚಾಚಬೇಡ!”

“ಚಾಚದೇ ಇದ್ದು, ನೀನು ಮೇಲೆ ಬರದೇ ಹೋದ್ರೆ?”

ಮಗಳು ಅಪ್ಪನ ಕಡೆ ತಿರುಗುತ್ತಾಳೆ. “ಅಪ್ಪಾ, ನೀನಾದ್ರೂ ಹೇಳು.”

ಅಪ್ಪ ಸ್ಪ್ಯಾನರು ಕೆಳಗಿಟ್ಟು ಕಣ್ಣೊರೆಸಿಕೊಳ್ಳುತ್ತಾರೆ. “ದಿನಾ ಕ್ಲೋರಿನ್ ಕಲೆಸೋನು ನಾನು. ಅಳೋದಕ್ಕೂ ಕಣ್ಣುರಿಗೂ ವ್ಯತ್ಯಾಸ ಮರೆತು ಎಷ್ಟೋ ಕಾಲ ಆಯ್ತು. ನನ್ನ ಮಾತು ಈ ಮನೇಲಿ ಯಾವತ್ತು ನಡೆದಿದೆ?” ತಮಾಷೆ ಎಂದುಕೊಂಡೇ ಹೇಳುತ್ತಾರೆ. ಯಾರೂ ನಗುವುದಿಲ್ಲ.

ಅಷ್ಟರಲ್ಲಿ ಕ್ಯಾಪ್ಟನ್ನರು ಚಹಾ ಕಪ್ಪು ಹಿಡಿದು ಬಾಗಿಲಿಗೆ ಬರುತ್ತಾರೆ. ಒಳ್ಳೆಯವರೇ, ಇಸ್ತ್ರಿ ಮಾಡಿದ ಬಿಳಿ ಬಟ್ಟೆಯವರು. “ನೀವು ಪತ್ರಿಕೆಯವರು ಇದನ್ನ ಖಂಡಿತ ಬರೀಬೇಕು” ಎನ್ನುತ್ತಾರೆ. “ಸ್ವಂತ ಮಗಳು ಅಂತ ಬಿಡಲಿಲ್ಲ ಈಕೆ. ಪಕ್ಷಪಾತ ಇಲ್ಲ. ನಮ್ಮ ಆಯ್ಕೆ ಅಂದ್ರೆ ಇದು!” ಕೋಲಕ್ಕನ ಬೆನ್ನು ತಟ್ಟುವಂತೆ ಕೈ ಎತ್ತಿ, ಮಗಳನ್ನು ಎಳೆದು ನೆನೆದ ಬಟ್ಟೆ ನೋಡಿ, ಕೈ ಇಳಿಸುತ್ತಾರೆ.

ಕೋಲಕ್ಕ ಬಾಯಿ ತೆರೆಯುತ್ತಾರೆ. ಹೇಳುವುದಾದರೆ ಇದೇ ಗಳಿಗೆ. ಮಗಳು ಉಸಿರು ಹಿಡಿದು ನೋಡುತ್ತಿದ್ದಾಳೆ. ಪಕ್ಷಪಾತ ನಡೆದಿದೆ, ಕಣ್ಣೆದುರೇ ನಡೆದಿದೆ, ತಾಯಿಯೊಬ್ಬಳ ಭಯ ಒಬ್ಬ ಹುಡುಗಿಯ ಬದುಕಿಗೆ ಅಡ್ಡಬಿದ್ದಿದೆ. ಅದನ್ನೇ ಈ ಬಿಳಿ ಬಟ್ಟೆ ನ್ಯಾಯ ಎಂದು ಕರೆಯುತ್ತಿದೆ.

“ಕೊನೇ ತಂಡ ರೆಡಿನಾ ಸಾರ್?” ಎನ್ನುತ್ತಾರೆ ಕೋಲಕ್ಕ.

ಅಷ್ಟೇ. ಟವೆಲನ್ನು ಪಂಪಿನ ಮೇಲಿಟ್ಟು ಹೊರಗೆ ಹೋಗುತ್ತಾರೆ.

ಸೀಟಿ ಬೀಳುತ್ತದೆ. ಮೂವರು ಹುಡುಗರು ನೀರಿಗೆ ಬೀಳುತ್ತಾರೆ. ಕೋಲಕ್ಕ ಅಂಚಿನುದ್ದಕ್ಕೂ ಅವರ ಜೊತೆಗೇ ನಡೆಯುತ್ತಾರೆ, ಕಣ್ಣು ರೆಪ್ಪೆ ಬಡಿಯುವುದಿಲ್ಲ. ಪಂಪ್ ಮನೆಯ ಬಾಗಿಲಲ್ಲಿ ಮಗಳು ಬಾಯ್ಲರ್ ಸೂಟನ್ನು ಕಳಚಿ ಅಲ್ಲೇ ಬಿಡುತ್ತಾಳೆ. ಒಣಬಟ್ಟೆ ಹಾಕಿಕೊಂಡು, ಚೀಲ ಹೆಗಲಿಗೇರಿಸಿ, ತಾಯಿಯ ಬೆನ್ನ ಹಿಂದಿನಿಂದಲೇ ಹಾದು ಹೋಗುತ್ತಾಳೆ. ಅಲ್ಲಿ ದಾರಿ ಕಿರಿದು. ಇಬ್ಬರ ನಡುವೆ ಒಂದು ಮೊಳ ಜಾಗವೂ ಇಲ್ಲ. ಕೋಲಕ್ಕ ತಿರುಗುವುದಿಲ್ಲ.

ನೀರಲ್ಲಿ ಮಧ್ಯದ ಹುಡುಗ ಮುಳುಗುತ್ತಾನೆ. ಏಳುತ್ತಾನೆ. ಮತ್ತೆ ಮುಳುಗುತ್ತಾನೆ. ಕೋಲು ನೆಟ್ಟಗೆ ನಿಂತೇ ಇದೆ. ದಡದಲ್ಲಿ ಅವನ ತಾಯಿ ಕಿರುಚುತ್ತಾಳೆ. ಕೋಲಕ್ಕ ಕಾಯುತ್ತಾರೆ. ಹುಡುಗನ ಕೈ ಹೇಗೋ ಗೋಡೆಗೆ ಬಡಿಯುತ್ತದೆ. ಕೇಕೆ, ಚಪ್ಪಾಳೆ. ಮೇಲೆ ಬಂದವನು ಓಡಿಹೋಗಿ ತಾಯಿಯನ್ನು ಅಪ್ಪಿಕೊಳ್ಳುತ್ತಾನೆ. ಕೋಲಿನ ಕಡೆ ನೋಡುವುದೂ ಇಲ್ಲ. ನೋಡಲು ಅವನಿಗೇನು ಬಂದಿದೆ?

ಮಗಳು ಹೋದದ್ದು ಗೊತ್ತಾಗಲಿಲ್ಲವೇ ಎಂದು ಕೇಳಿದರೆ ಕೋಲಕ್ಕ ಕೋಲನ್ನು ಗೋಡೆಗೆ ಒರಗಿಸಿ ಪೊರಕೆ ಕೈಗೆತ್ತಿಕೊಳ್ಳುತ್ತಾರೆ. “ಗೊತ್ತಾಗದೆ ಏನು? ಅವಳ ಹೆಜ್ಜೆ ಸದ್ದು ನಂಗೆ ಗೊತ್ತಿಲ್ವಾ? ನೀರಲ್ಲಿ ಮೂರು ಮಕ್ಕಳಿದ್ರು. ಹೇಗೆ ತಿರುಗಲಿ?”

ಇದಾಗಿ ತಿಂಗಳುಗಳೇ ಕಳೆದಿವೆ. ಆಯ್ಕೆಯಾದವರ ಹೆಸರು ಹೊರಬಿದ್ದು, ತರಗತಿ ಶುರುವಾಗಿ, ಹೊಸ ಮಕ್ಕಳು ಬೆಳಗಿನ ಕವಾಯತು ಮಾಡುತ್ತಿದ್ದಾರೆ. ಹುಡುಗಿ ಅವತ್ತು ಗೇಟು ದಾಟಿದವಳು ಇನ್ನೂ ಮನೆಗೆ ಬಂದಿಲ್ಲ.