ಗಂಜಿಗೆ ಮುಗಿಲು ಕೇಳುವುದು

ನಾರಾಯಣಪೇಟೆಯ ನಮ್ಮ ಓಣಿಯಲ್ಲಿ ಹತ್ತಿಯ ಹಾಸುನೂಲನ್ನು ಮಗ್ಗಕ್ಕೆ ಏರಿಸುವ ಮೊದಲು ಬೀದಿಯುದ್ದಕ್ಕೂ ಎಳೆದು ಕಟ್ಟಿ ಗಂಜಿ ಹಚ್ಚಿ ಬಿಸಿಲಿಗೆ ಒಣಗಿಸುತ್ತಾರೆ. ಗಂಜಿ ಕುದಿಸುವುದು ಅವ್ವನ ಕೆಲಸ, ಮುಗಿಲು ನೋಡುವುದು ಅಪ್ಪನದು. ನಸುಕಿನಲ್ಲಿ ಒಲೆಯ ಮುಂದೆ ಕೂತೇ ಅವ್ವ ಕೂಗುತ್ತಿದ್ದಳು: "ಹ್ಯಾಂಗೈತ್ರಿ?"

ಅಪ್ಪ ಹೊರಗಿನಿಂದ ಹೇಳುತ್ತಿದ್ದ. "ಮುಗಿಲು ಬಿಚ್ಚೈತಿ" ಎಂದರೆ ಗಂಜಿ ತೆಳ್ಳಗಾಗುತ್ತಿತ್ತು. "ಕಟ್ಟೈತಿ" ಎಂದರೆ ನೀರು ಕಡಿಮೆ. ನಮ್ಮಲ್ಲಿ ಮಳೆ ಬರುವುದು ಮಕ್ತಲ ಊರಿನ ಕಡೆಯಿಂದ; "ಮಕ್ತಲ ಕಡಿ ಕಪ್ಪಾಗೈತಿ" ಎಂದ ದಿನ ಅವ್ವ ಒಲೆಯನ್ನೇ ಆರಿಸುತ್ತಿದ್ದಳು. ನೀರು ಎಷ್ಟು ಎಂದು ಅವಳು ಕೇಳಿದ್ದಿಲ್ಲ, ಅವನು ಹೇಳಿದ್ದೂ ಇಲ್ಲ.

ಅಪ್ಪ ಹೋಗಿ ಒಂದು ಬೇಸಿಗೆ ಕಳೆಯಿತು. ಅವನು ಕೊನೆಗೆ ಹೂಡಿದ್ದ ಹಾಸು ಅವನದೇ ಹಳೆಯ ಧೋತರದಲ್ಲಿ ಸುತ್ತಿಕೊಂಡು ಮಗ್ಗದ ಪಕ್ಕದಲ್ಲಿ ಬಿದ್ದಿತ್ತು. ತಿಳಿನೀಲಿ ನೂಲು. ನಮ್ಮ ಬಜಾರದಲ್ಲಿ ಆ ಬಣ್ಣಕ್ಕೆ ಆಸ್ಮಾನಿ, ಅಂದರೆ ಮುಗಿಲ ಬಣ್ಣ, ಅನ್ನುತ್ತಾರೆ. ಇಲಿ ಕಡಿಯುವ ಮೊದಲು ನೇಯೋಣ ಎಂದು ಅಪ್ಪನ ತಮ್ಮ, ನಮ್ಮ ಕಾಕಾ, ಎಷ್ಟು ಹೇಳಿದರೂ ಅವ್ವ ಒಪ್ಪಿರಲಿಲ್ಲ. ಅವಳು ಹೊರಗೆ ಬರುವುದನ್ನೇ ಬಿಟ್ಟಿದ್ದಳು. ಬಂದರೂ ನೆಲ ನೋಡಿಕೊಂಡು ನಡೆಯುತ್ತಿದ್ದಳು.

ಅವಳನ್ನು ಒಪ್ಪಿಸಲೆಂದೇ ನಾನು ಗದ್ವಾಲದಿಂದ, ಗಂಡನ ಮನೆಯಿಂದ ಬಂದೆ. ಬಸ್ಸು ಜೂರಾಲ ಅಣೆಕಟ್ಟಿನ ಮೇಲೆ ದಾಟುವಾಗ ನೀರಿನ ಮೇಲೆ ಹರವಿಕೊಂಡ ಮುಗಿಲನ್ನು ನೋಡಿದೆ. ಅಪ್ಪನಾದರೆ ಅದಕ್ಕೆ ಏನನ್ನುತ್ತಿದ್ದ ಎಂದು ಯೋಚಿಸಿದೆ. ಹೊಳೆಯಲಿಲ್ಲ.

ಎರಡು ದಿನ ಬೇಡಿಕೊಂಡ ಮೇಲೆ ಅವ್ವ ಅಂದಳು: "ಮುಗಿಲು ಯಾರರ ನೋಡಿ ಹೇಳ್ರಿ, ಕುದಸ್ತೀನಿ."

ಮರುದಿನ ಬೆಳಕು ಹರಿಯುವಾಗ ಅವ್ವ ಗಂಜಿಗೆ ಒಲೆ ಹೊತ್ತಿಸಿದ್ದಳು. ಕಾಕಾ ಫೋನು ಹಿಡಿದು ಒಳಗೆ ಬಂದ. "ವೈನಿ, ಇದ್ರಾಗ ಸೂರ್ಯನ ಚಿತ್ರ ಐತ್ರಿ. ಮಳಿ ಇಲ್ಲ."

"ಆ ಸೂರ್ಯ ಯಾವೂರಂವನೋ ಏನೋ. ನಮ್ಮ ಓಣಿ ಅವಗ ಗೊತ್ತೈತೇನು?"

ಕಾಕಾ ನನ್ನನ್ನು ಬಾಗಿಲಿಗೆ ತಳ್ಳಿದ. ನಾನು ಬೀದಿಗಿಳಿದು ತಲೆ ಎತ್ತಿ ನೋಡಿ ಕೂಗಿದೆ: "ಆಕಾಶ ಚೊಲೋ ಐತಬೇ!"

ಒಳಗೆ ಅವ್ವ ನಕ್ಕದ್ದು ಕೇಳಿಸಿತು. ಅಪ್ಪ ಹೋದ ಮೇಲೆ ಅದೇ ಮೊದಲು. "ಆಕಾಶ ಅಂತ! ಪುರಾಣ ಹೇಳಾಕ ಬಂದೀಯೇನ? ಆಕಾಶದಾಗ ದೇವ್ರು ಇರ್ತಾರ. ನೂಲು ಒಣಗೂದು ಮುಗಿಲ ಕೆಳಗ. ಮಕ್ತಲ ಕಡಿ ಹ್ಯಾಂಗೈತಿ, ಅದನ್ನ ಹೇಳು."

"ಬೆಳ್ಳಗೈತಿ."

"ಹಾಲಿನಂಗೋ, ಬೂದಿಯಂಗೋ?"

ನನಗೆ ತಿಳಿಯಲಿಲ್ಲ. ಸುಳ್ಳು ಹೇಳಿದರೆ ಅಪ್ಪನ ನೂಲು ಕೆಡುತ್ತದೆ. ಮತ್ತೊಮ್ಮೆ ಮಕ್ತಲ ಕಡೆ ನೋಡಿದೆ.

ಸ್ವಲ್ಪ ಹೊತ್ತಿಗೆ ಸೌಟು ಹಿಡಿದುಕೊಂಡೇ ಅವ್ವ ಹೊಸ್ತಿಲಿಗೆ ಬಂದಳು. ಅಲ್ಲಿ ನಿಂತಳು. ಆಮೇಲೆ ಅಪ್ಪ ನಿಲ್ಲುತ್ತಿದ್ದ ಕಲ್ಲಿನ ತನಕ ನಡೆದು ಬಂದು ತಲೆ ಎತ್ತಿದಳು. ಬಹಳ ಹೊತ್ತು ನೋಡಿದಳು. ಸೌಟಿನಿಂದ ಗಂಜಿ ಅವಳ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು.

"ಬಿಚ್ಚೈತಿ," ಅಂದಳು, ಅಪ್ಪನ ಹಾಗೆಯೇ ಎಳೆದು. ಕಣ್ಣೊರೆಸಿಕೊಂಡು ಕಾಕಾನ ಕಡೆ ತಿರುಗಿದಳು: "ಬಾಯಿ ತಕ್ಕೊಂಡು ಏನು ನಿಂತೀದಿ? ಬಿಸಿಲು ಏರೂದ್ರಾಗ ನೂಲು ಎಳದು ಕಟ್ಟು. ನಾ ಇನ್ನೊಂದು ಚಂಬು ನೀರು ಹಾಕ್ತೀನಿ."

ಧೋತರ ಬಿಚ್ಚಿದೆವು. ಆಸ್ಮಾನಿ ಹಾಸು ಓಣಿಯ ಈ ತುದಿಯಿಂದ ಆ ತುದಿಗೆ ಹೋಯಿತು.